ನಾಲಿಗೆ ಕ್ಯಾನ್ಸರ್ ಹರಡುತ್ತದಾ ಅಂತ ಕೋಶಗಳ ಅಂಟು ಹೇಳುತ್ತದಾ?

ನಾಲಿಗೆಯ ಪಕ್ಕದಲ್ಲಿ ಒಂದೂವರೆ ಸೆಂಟಿಮೀಟರಿನ ಹುಣ್ಣು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಕುತ್ತಿಗೆ ಒತ್ತಿ ನೋಡಿದರೆ ಗಂಟು ಸಿಗುವುದಿಲ್ಲ, ಸ್ಕ್ಯಾನಿನಲ್ಲೂ ಏನೂ ಕಾಣುವುದಿಲ್ಲ. ಇಂಥ ರೋಗಿಯ ನಾಲಿಗೆಗೆ ಏನು ಮಾಡಬೇಕು ಅನ್ನುವ ಬಗ್ಗೆ ಸರ್ಜನ್‌ಗಳ ನಡುವೆ ಹೆಚ್ಚು ತಕರಾರಿಲ್ಲ. ಹುಣ್ಣಿನ ಸುತ್ತ ಒಂದಿಷ್ಟು ಒಳ್ಳೆಯ ಮಾಂಸವನ್ನೂ ಸೇರಿಸಿ ಕತ್ತರಿಸಿ ತೆಗೆಯುತ್ತಾರೆ. ತಲೆನೋವು ಇರುವುದು ಕುತ್ತಿಗೆಯ ವಿಷಯದಲ್ಲಿ. ಅಲ್ಲಿನ ಲಿಂಫ್ ಗ್ರಂಥಿಗಳಲ್ಲಿ ಕ್ಯಾನ್ಸರ್ ಆಗಲೇ ಹೋಗಿ ಕೂತಿದೆಯಾ, ಇಲ್ಲವಾ? ಇಲ್ಲ ಅಂದುಕೊಂಡು ಬಿಟ್ಟರೆ ಕೆಲವೇ ತಿಂಗಳಲ್ಲಿ ಗಂಟಾಗಿ ಮೇಲೇಳಬಹುದು. ಇದೆ ಅಂದುಕೊಂಡು ಕುತ್ತಿಗೆ ಬಿಡಿಸಿದರೆ, ಅಂದರೆ ಆಪರೇಷನ್ ಮಾಡಿ ಅಲ್ಲಿನ ಗ್ರಂಥಿಗಳನ್ನು ತೆಗೆದರೆ, ಏನೂ ಆಗದ ಗ್ರಂಥಿಗಳನ್ನು ಸುಮ್ನೆ ಕಿತ್ತು ಹಾಕಿದಂತೆ ಆಗಬಹುದು.

ಈ ಪ್ರಶ್ನೆಗೆ ಉತ್ತರ ಬಯಾಪ್ಸಿಯ ಚೂರಿನಲ್ಲೇ ಇದೆ ಎಂದು ಸುಮಾರು ಮೂವತ್ತು ವರ್ಷಗಳಿಂದ ಸಂಶೋಧಕರು ಹೇಳುತ್ತ ಬಂದಿದ್ದಾರೆ. ಅವರ ವಾದ ಸರಳ. ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವುದು ಕೆಲವು ಪ್ರೋಟೀನ್‌ಗಳ ಬಲದಿಂದ. ಆ ಪ್ರೋಟೀನ್ ಕಡಿಮೆಯಾದರೆ ಕೋಶಗಳು ಬಿಡಿಬಿಡಿಯಾಗುತ್ತವೆ. ಬಿಡಿಯಾದವು ಹರಡುತ್ತವೆ. ಹಾಗಾಗಿ ಅಂಟು ಎಷ್ಟಿದೆ ಅಂತ ಅಳೆದರೆ ಹರಡುತ್ತದಾ ಇಲ್ಲವಾ ಅಂತ ಮೊದಲೇ ಗೊತ್ತಾಗಬೇಕು, ಅಲ್ವಾ? ಈ ಆಸೆಯ ಹಿಂದೆ ರಾಶಿ ಪ್ರಬಂಧಗಳು ಬಂದಿವೆ. ಅವುಗಳಲ್ಲಿ ಬಹುಪಾಲು 'ಹೌದು, ಸಂಬಂಧವಿದೆ' ಎಂದೇ ಹೇಳುತ್ತವೆ. ಆದರೂ ಈ ಪ್ರೋಟೀನ್ ನೋಡಿ ಕುತ್ತಿಗೆ ಆಪರೇಷನ್ ತೀರ್ಮಾನಿಸಿ ಎಂದು ಇವತ್ತಿನ ಚಿಕಿತ್ಸಾ ಮಾರ್ಗಸೂಚಿಗಳು ಹೇಳುವುದಿಲ್ಲ. ನನಗನಿಸುವಂತೆ ಇದರಲ್ಲಿ ಪ್ರೋಟೀನಿನ ತಪ್ಪು ಕಡಿಮೆ, ನಾವು ಅದಕ್ಕೆ ಕೇಳುತ್ತಿರುವ ಪ್ರಶ್ನೆಯ ತಪ್ಪು ಜಾಸ್ತಿ.

ಇದು ನಮಗೆ ದೂರದ ಸಂಗತಿಯೇನಲ್ಲ. ಜಗತ್ತಿನ ಕ್ಯಾನ್ಸರ್ ಲೆಕ್ಕ ಇಡುವ ಗ್ಲೋಬೊಕ್ಯಾನ್‌ನ 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷಕ್ಕೆ 1.4 ಲಕ್ಷಕ್ಕೂ ಹೆಚ್ಚು ಜನರಿಗೆ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಕಾಣಿಸಿಕೊಂಡಿದೆ. ಜಗತ್ತಿನ ಒಟ್ಟು ಲೆಕ್ಕ 3.9 ಲಕ್ಷದ ಆಸುಪಾಸು. ಅಂದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ನಮ್ಮಲ್ಲೇ. ಹೊಗೆಸೊಪ್ಪು, ಗುಟ್ಕಾ, ಕಡ್ಡಿಪುಡಿ ಇವುಗಳ ಪಾತ್ರ ಎಲ್ಲರಿಗೂ ಗೊತ್ತು. ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿತು. ಅಂಗಡಿಗಳಲ್ಲಿ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಜೋಡಿಯಾಗಿ ಸಿಗುತ್ತಿರುವುದನ್ನು ನೋಡಿದವರಿಗೆ ಆ ನಿಷೇಧದ ಕಥೆ ಹೇಳಬೇಕಿಲ್ಲ. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಅಡಿಕೆಯನ್ನು ದೇಶದಲ್ಲೇ ಹೆಚ್ಚು ಬೆಳೆಯುವ ರಾಜ್ಯದಲ್ಲಿ ಇದು ಕಹಿ ಮಾತು. ಆ ಚರ್ಚೆ ಇನ್ನೊಮ್ಮೆ.

ಬಾಯಿಯ ಕ್ಯಾನ್ಸರ್‌ಗಳಲ್ಲಿ ನಾಲಿಗೆಯದ್ದು ಬೇಗ ಕುತ್ತಿಗೆಗೆ ಇಳಿಯುವುದಕ್ಕೆ ಹೆಸರುವಾಸಿ. ಕಾರಣ ನಾಲಿಗೆಯ ರಚನೆಯಲ್ಲೇ ಇದೆ. ಮೇಲಿನ ತೆಳು ಪದರ ದಾಟಿದರೆ ಮುಂದೆ ಎಲ್ಲಾ ಮಾಂಸಖಂಡ. ಎಳೆಗಳು ಉದ್ದಕ್ಕೆ, ಅಡ್ಡಕ್ಕೆ, ಮೇಲಿಂದ ಕೆಳಕ್ಕೆ ಹೆಣೆದುಕೊಂಡಿವೆ. ನಡುವೆ ತಡೆಯುವ ಗಟ್ಟಿ ಪರದೆ ಅನ್ನುವಂಥದ್ದು ಇಲ್ಲ. ಎಳೆಗಳ ಸಂದಿಯಲ್ಲೇ ಕ್ಯಾನ್ಸರ್ ಕೋಶಗಳು ದಾರಿ ಮಾಡಿಕೊಳ್ಳುತ್ತವೆ. ಅಲ್ಲಿ ಲಿಂಫ್ ನಾಳಗಳ ಜಾಲವೂ ದಟ್ಟ. ಆ ನಾಳಗಳು ದವಡೆಯ ಕೆಳಗೆ, ಆಮೇಲೆ ಕತ್ತಿನ ದೊಡ್ಡ ರಕ್ತನಾಳದ ಪಕ್ಕದಲ್ಲಿರುವ ಗ್ರಂಥಿಗಳಿಗೆ ಹೋಗಿ ಸೇರುತ್ತವೆ. ಹುಣ್ಣು ನಾಲಿಗೆಯ ಮಧ್ಯರೇಖೆಗೆ ಹತ್ತಿರವಿದ್ದರೆ ಎರಡೂ ಕಡೆಯ ಕತ್ತಿಗೆ ಹೋಗಬಹುದು.

ಕಾದು ನೋಡಬೇಕಾ, ಮೊದಲೇ ಕುತ್ತಿಗೆ ಬಿಡಿಸಬೇಕಾ ಅನ್ನುವ ಹಳೇ ಜಗಳಕ್ಕೆ ದೊಡ್ಡ ಉತ್ತರ ಕೊಟ್ಟಿದ್ದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ. ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2004ರಿಂದ 2014ರವರೆಗೆ, ಕುತ್ತಿಗೆಯಲ್ಲಿ ಗಂಟು ಕಾಣದ ಆರಂಭಿಕ ಹಂತದ ರೋಗಿಗಳನ್ನು ಎರಡು ಗುಂಪು ಮಾಡಿದರು. ಬಹುಪಾಲು ಜನರದ್ದು ನಾಲಿಗೆ ಕ್ಯಾನ್ಸರೇ. ಒಂದು ಗುಂಪಿಗೆ ನಾಲಿಗೆಯ ಜೊತೆಗೇ ಕುತ್ತಿಗೆಯ ಆಪರೇಷನ್ನೂ ಆಯಿತು. ಇನ್ನೊಂದು ಗುಂಪಿಗೆ ಗಂಟು ಕಾಣಿಸಿಕೊಂಡರೆ ಮಾತ್ರ. 2015ರಲ್ಲಿ ಫಲಿತಾಂಶ ಹೊರಬಂತು. ಮೂರು ವರ್ಷದ ನಂತರ ಮೊದಲ ಗುಂಪಿನಲ್ಲಿ ಬದುಕುಳಿದವರು ಶೇ 80, ಎರಡನೇ ಗುಂಪಿನಲ್ಲಿ ಶೇ 67.5. ಕ್ಯಾನ್ಸರ್ ಮರಳದೆ ಇದ್ದವರು ಕ್ರಮವಾಗಿ ಶೇ 69.5 ಮತ್ತು ಶೇ 45.9. ಈ ಕ್ಷೇತ್ರದಲ್ಲಿ ಇಷ್ಟು ದೊಡ್ಡ ಅಂತರ ಅಪರೂಪ. ಅಲ್ಲಿಂದಾಚೆಗೆ ಮೊದಲೇ ಕುತ್ತಿಗೆ ಬಿಡಿಸುವುದು ಹೆಚ್ಚು ಕಡಿಮೆ ಎಲ್ಲಾ ಕಡೆ ರೂಢಿಯಾಯಿತು.

ಅದೇ ಅಧ್ಯಯನದ ಇನ್ನೊಂದು ಅಂಕಿ ಇದೆ. ಮೊದಲೇ ಕುತ್ತಿಗೆ ಬಿಡಿಸಿದವರಲ್ಲಿ ಗ್ರಂಥಿಯೊಳಗೆ ನಿಜಕ್ಕೂ ಕ್ಯಾನ್ಸರ್ ಸಿಕ್ಕಿದ್ದು ಸುಮಾರು ಶೇ 30 ಮಂದಿಗೆ. ಉಳಿದ ಶೇ 70 ಮಂದಿಯ ಗ್ರಂಥಿಗಳು ಸ್ವಚ್ಛವಾಗಿದ್ದವು. ಅವರಿಗೆ ಆಪರೇಷನ್‌ನಿಂದ ನೇರ ಲಾಭ ಆಗಿದ್ದು ಅನುಮಾನ. ಆದರೆ ಬೆಲೆ ಮಾತ್ರ ಅವರೂ ತೆತ್ತರು. ಕತ್ತಿನ ಪಕ್ಕದಲ್ಲಿ ಹಾದುಹೋಗುವ ಒಂದು ನರ ಭುಜ ಎತ್ತುವ ಸ್ನಾಯುವನ್ನು ನಡೆಸುತ್ತದೆ. ಅದನ್ನು ಕಡಿಯದೆ ಬರೀ ಸರಿಸಿ ಕೆಲಸ ಮಾಡಿದರೂ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಭುಜ ನೋವು, ಕೈ ಮೇಲೆತ್ತಲು ಕಷ್ಟ. ಕೂಲಿ ಮಾಡುವವರಿಗೆ, ತಲೆ ಮೇಲೆ ಹೊರೆ ಹೊರುವವರಿಗೆ ಇದು ಸಣ್ಣ ತೊಂದರೆ ಅಲ್ಲ. ದವಡೆಯ ಅಂಚಿನ ನರಕ್ಕೆ ಪೆಟ್ಟಾದರೆ ತುಟಿ ಸೊಟ್ಟಗಾಗುತ್ತದೆ.

ಹಾಗಾದರೆ ಆ 30 ಮಂದಿ ಯಾರು, ಈ 70 ಮಂದಿ ಯಾರು ಅಂತ ಕತ್ತಿ ಎತ್ತುವ ಮೊದಲೇ ಹೇಳುವುದು ಹೇಗೆ? ಮಾರ್ಕರ್, ಅಂದರೆ ಕಾಯಿಲೆ ಮುಂದೆ ಹೇಗೆ ಹೋಗುತ್ತದೆ ಎಂದು ಸುಳಿವು ಕೊಡುವ ಗುರುತು, ಅದಕ್ಕೆ ಕೆಲಸ ಇರುವುದು ಇಲ್ಲಿ, ಇಷ್ಟು ಕಿರಿದಾದ ಜಾಗದಲ್ಲಿ.

ಅಂಟಿನ ಕೆಲಸ

ಕೋಶಗಳು ಅಂಟಿಕೊಳ್ಳುವುದಕ್ಕೆ ಕ್ಯಾಲ್ಸಿಯಂ ಬೇಕು ಅನ್ನುವುದು ಹಳೆಯ ತಿಳಿವಳಿಕೆ. ಜಪಾನಿನ ಕ್ಯೋಟೊದಲ್ಲಿ ಮಸಾತೋಶಿ ತಾಕೆಇಚಿ 1977ರಲ್ಲಿ, ಕೋಶಗಳಿಗೆ ಅಂಟಿಕೊಳ್ಳುವ ಎರಡು ಬೇರೆ ಬೇರೆ ಬಗೆಗಳಿವೆ, ಅದರಲ್ಲಿ ಒಂದು ಮಾತ್ರ ಕ್ಯಾಲ್ಸಿಯಂ ನಂಬಿಕೊಂಡಿದೆ ಎಂದು ತೋರಿಸಿದರು. ಆ ದಾರಿಯಲ್ಲಿ ಮುಂದುವರಿದಾಗ ಸಿಕ್ಕ ಪ್ರೋಟೀನ್ ಕುಟುಂಬವೇ ಕ್ಯಾಡ್‌ಹೆರಿನ್. ಚರ್ಮ, ಬಾಯಿಯ ಒಳಪದರ, ಕರುಳು ಇಂಥ ಕಡೆ ಹಾಸಾಗಿ ಕೂರುವ ಕೋಶಗಳಲ್ಲಿರುವುದು ಇ-ಕ್ಯಾಡ್‌ಹೆರಿನ್.

ಇದರ ಒಂದು ತುದಿ ಕೋಶದ ಹೊರಗೆ ಚಾಚಿಕೊಂಡಿರುತ್ತದೆ. ಪಕ್ಕದ ಕೋಶದಿಂದ ಚಾಚಿದ ಇದೇ ಪ್ರೋಟೀನಿನ ತುದಿಯನ್ನು ಹಿಡಿಯುತ್ತದೆ. ಹೊರಗಿನ ಭಾಗದಲ್ಲಿ ಐದು ತುಂಡುಗಳಿವೆ. ಅವುಗಳ ನಡುವಿನ ಕೀಲುಗಳಲ್ಲಿ ಕ್ಯಾಲ್ಸಿಯಂ ಕೂತಾಗ ಮಾತ್ರ ಅದು ಸೆಟೆದು ನಿಲ್ಲುತ್ತದೆ. ಇನ್ನೊಂದು ತುದಿ ಕೋಶದ ಒಳಗೆ. ಅಲ್ಲಿ ಅದನ್ನು ಬೀಟಾ-ಕ್ಯಾಟೆನಿನ್, ಆಲ್ಫಾ-ಕ್ಯಾಟೆನಿನ್ ಎಂಬ ಪ್ರೋಟೀನ್‌ಗಳು ಕೋಶದ ಒಳಗಿನ ಎಳೆಗಳಿಗೆ ಕಟ್ಟಿ ಹಾಕುತ್ತವೆ. ಬೀಟಾ-ಕ್ಯಾಟೆನಿನ್‌ಗೆ ಇನ್ನೊಂದು ಚಾಳಿಯೂ ಇದೆ. ಕಟ್ಟು ಬಿಚ್ಚಿಕೊಂಡು ಕೋಶಕೇಂದ್ರದೊಳಗೆ ಹೋದರೆ ಬೆಳವಣಿಗೆಯ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಹಾಗಾಗಿ ಅಂಟು ಸಡಿಲವಾಗುವುದು ಬರೀ ಜೋಡಣೆಯ ವಿಷಯ ಅಲ್ಲ, ಕೋಶದ ಒಳಗೆ ಸುದ್ದಿ ಹೋಗುವ ವಿಷಯವೂ ಹೌದು.

ಬಾಯಿಯ ಒಳಪದರದಲ್ಲಿ ಬೇರೆ ಅಂಟುಗಳೂ ಇವೆ. ಡೆಸ್ಮೊಗ್ಲಿನ್-3 ಅಂಥದ್ದೊಂದು. ಪೆಂಫಿಗಸ್ ಎಂಬ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ಈ ಡೆಸ್ಮೊಗ್ಲಿನ್ ಮೇಲೆ ದಾಳಿ ಮಾಡುತ್ತದೆ. ಕೋಶಗಳ ಹಿಡಿತ ತಪ್ಪಿ ಬಾಯಿ ತುಂಬ ಗುಳ್ಳೆ ಎದ್ದು ಒಡೆದು ಹುಣ್ಣಾಗುತ್ತದೆ. ಎಷ್ಟೋ ರೋಗಿಗಳಲ್ಲಿ ಇದು ಶುರುವಾಗುವುದೇ ಬಾಯಿಯಲ್ಲಿ. ಅಲ್ಲಿ ಕೋಶಗಳು ನಿಜಕ್ಕೂ ಬಿಡಿಬಿಡಿಯಾಗುತ್ತವೆ, ಆದರೆ ಕುತ್ತಿಗೆಗೆ ಹೋಗಿ ಮನೆ ಕಟ್ಟುವುದಿಲ್ಲ. ಅಂಟು ಹೋದ ಮಾತ್ರಕ್ಕೆ ಹರಡುವಿಕೆ ಆಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಸಿಕ್ಕಿಲ್ಲ. ಹರಡಬೇಕಾದರೆ ಕೋಶ ನಡೆಯಲು ಕಲಿಯಬೇಕು, ದಾರಿಯಲ್ಲಿರುವುದನ್ನು ಕರಗಿಸಬೇಕು, ಒಂಟಿಯಾದರೂ ಸಾಯದೆ ಉಳಿಯಬೇಕು.

ನಾಲಿಗೆ ಕ್ಯಾನ್ಸರ್ ಕೋಶಗಳು ಇದನ್ನೆಲ್ಲ ಒಂದು ಹಳೇ ಪಾಠದಿಂದ ಎರವಲು ಪಡೆಯುತ್ತವೆ. ಭ್ರೂಣ ಬೆಳೆಯುವಾಗ ಹಾಸಿನಲ್ಲಿ ಕೂತ ಕೋಶಗಳು ಎದ್ದು ಬೇರೆ ಜಾಗಕ್ಕೆ ಹೋಗಬೇಕಾಗುತ್ತದೆ. ಆಗ ಸ್ನೇಲ್, ಸ್ಲಗ್, ಟ್ವಿಸ್ಟ್, ಜೆಬ್ ಎಂಬ ಹೆಸರಿನ ನಿಯಂತ್ರಕ ಪ್ರೋಟೀನ್‌ಗಳು ಇ-ಕ್ಯಾಡ್‌ಹೆರಿನ್ ಜೀನಿಗೆ ಬೀಗ ಹಾಕುತ್ತವೆ. ವೈಮೆಂಟಿನ್‌ನಂಥ ಓಡಾಡುವ ಕೋಶಗಳ ಪ್ರೋಟೀನ್ ಜಾಸ್ತಿಯಾಗುತ್ತದೆ. ಕ್ಯಾನ್ಸರ್ ಇದೇ ಯಂತ್ರವನ್ನು ಮತ್ತೆ ಚಾಲೂ ಮಾಡುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದು. ನಾಲಿಗೆ ಕ್ಯಾನ್ಸರಿನಲ್ಲಿ ಇ-ಕ್ಯಾಡ್‌ಹೆರಿನ್ ಜೀನ್ ಒಡೆದು ಹೋಗಿರುವುದು ಅಪರೂಪ. ಹೆಚ್ಚಾಗಿ ಅದನ್ನು ಬರೀ ಮುಚ್ಚಿಟ್ಟಿರುತ್ತದೆ. ಮುಚ್ಚಿದ್ದನ್ನು ಮತ್ತೆ ತೆರೆಯಬಹುದು. ಈ ಮಾತು ಮುಂದೆ ಬೇಕಾಗುತ್ತದೆ.

ಕೋಶ ತನ್ನ ಕೆಳಗಿನ ನೆಲಕ್ಕೆ ಅಂಟಿಕೊಳ್ಳುವುದಕ್ಕೆ ಬೇರೆ ಪ್ರೋಟೀನ್‌ಗಳಿವೆ: ಇಂಟೆಗ್ರಿನ್‌ಗಳು. ಅವು ಹಿಡಿಯುವ ನೆಲದಲ್ಲಿ ಲ್ಯಾಮಿನಿನ್ ಇರುತ್ತದೆ. ಆಲ್ಫಾ-ವಿ-ಬೀಟಾ-6 ಎಂಬ ಇಂಟೆಗ್ರಿನ್ ಆರೋಗ್ಯವಂತ ಬಾಯಿಯ ಪದರದಲ್ಲಿ ಹೆಚ್ಚು ಕಡಿಮೆ ಇರುವುದೇ ಇಲ್ಲ. ಗಾಯ ಮಾಗುವಾಗ ಬರುತ್ತದೆ, ಕ್ಯಾನ್ಸರಿನಲ್ಲಿ ಮತ್ತೆ ಬರುತ್ತದೆ. ಅಂದರೆ ಅಂಟು ಪ್ರೋಟೀನ್ ಅಂದ ತಕ್ಷಣ ಎಲ್ಲವೂ ಕಡಿಮೆಯಾಗುತ್ತವೆ ಅಂತಲ್ಲ. ಕೆಲವು ಇಳಿಯುತ್ತವೆ, ಕೆಲವು ಏರುತ್ತವೆ.

ಸ್ಲೈಡಿನ ಮೇಲೆ

ಇದನ್ನು ಲ್ಯಾಬಿನಲ್ಲಿ ನೋಡುವ ಬಗೆಯೇ ಅರ್ಧ ಕಥೆ. ರೋಗಿಯಿಂದ ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿ ಹಾಕಿ, ಆಮೇಲೆ ಮೇಣದಲ್ಲಿ ಅದ್ದಿ ಬ್ಲಾಕ್ ಮಾಡುತ್ತಾರೆ. ಅದರಿಂದ ನಾಲ್ಕು ಮೈಕ್ರಾನ್ ಆಸುಪಾಸಿನ ಪದರ ಸೀಳಿ ಗಾಜಿನ ಮೇಲೆ ಹರಡುತ್ತಾರೆ. ಇ-ಕ್ಯಾಡ್‌ಹೆರಿನ್‌ಗೆ ಮಾತ್ರ ಹೋಗಿ ಅಂಟುವ ಆಂಟಿಬಾಡಿಯನ್ನು ಹಾಕುತ್ತಾರೆ. ಅದು ಎಲ್ಲಿ ಕೂತಿತೋ ಅಲ್ಲಿ ಕಂದು ಬಣ್ಣ ಬರುವಂತೆ ಮಾಡುತ್ತಾರೆ. ಕೋಶಕೇಂದ್ರಗಳಿಗೆ ನೀಲಿ. ಇದಕ್ಕೆ ಐಎಚ್‌ಸಿ ಎನ್ನುತ್ತಾರೆ. ದೊಡ್ಡ ಲ್ಯಾಬ್‌ಗಳಲ್ಲಿ ಇದು ದಿನನಿತ್ಯದ ಕೆಲಸ.

ಮೈಕ್ರೊಸ್ಕೋಪಿನಲ್ಲಿ ಆರೋಗ್ಯವಂತ ಪದರ ನೋಡಲು ಚೆಂದ. ಪ್ರತಿ ಕೋಶದ ಸುತ್ತ ತೆಳುವಾದ ಕಂದು ಗೆರೆ, ಇಡೀ ಪದರ ಬಲೆ ಹೆಣೆದಂತೆ. ಈಗ ಸ್ಲೈಡನ್ನು ಗಡ್ಡೆಯ ಕಡೆ ಸರಿಸಿ. ಗಡ್ಡೆಯ ಮೇಲ್ಭಾಗದಲ್ಲಿ ಈ ಬಲೆ ಇನ್ನೂ ಇರುತ್ತದೆ. ನೋಡಿದರೆ ಎಲ್ಲಾ ಸರಿ ಇದೆ ಅನ್ನಿಸಬೇಕು. ಕೆಳಗೆ ಹೋಗುತ್ತ ಹೋಗುತ್ತ ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ಕಂದು ಬಣ್ಣ ಕೋಶದ ಅಂಚು ಬಿಟ್ಟು ಒಳಗೆ ಚೆಲ್ಲಿಕೊಂಡಿರುತ್ತದೆ. ಪ್ರೋಟೀನ್ ಇದೆ, ಆದರೆ ಇರಬೇಕಾದ ಜಾಗದಲ್ಲಿ ಇಲ್ಲ. ತೀರಾ ಕೆಳಗೆ, ಗಡ್ಡೆ ಮಾಂಸಖಂಡವನ್ನು ತಿನ್ನುತ್ತಿರುವ ಅಂಚಿನಲ್ಲಿ, ಮೂರು ನಾಲ್ಕು ಕೋಶಗಳ ಸಣ್ಣ ಗುಂಪುಗಳು ಮುಖ್ಯ ಗಡ್ಡೆಯಿಂದ ಬೇರೆಯಾಗಿ ನಿಂತಿರುತ್ತವೆ. ಅವುಗಳಲ್ಲಿ ಎಷ್ಟೋ ಸಲ ಕಂದು ತೀರಾ ಮಸುಕು. ಈ ಗುಂಪುಗಳಿಗೆ ಟ್ಯೂಮರ್ ಬಡ್ ಎಂದು ಹೆಸರು.

ಈಗ ಇದಕ್ಕೆ ಒಂದು ಸ್ಕೋರ್ ಕೊಡಿ ಎಂದರೆ ಎಲ್ಲಿಯದ್ದನ್ನು ಕೊಡಬೇಕು? ಮೇಲಿನದ್ದಾ, ನಡುವಿನದ್ದಾ, ಅಂಚಿನದ್ದಾ? ಎಷ್ಟು ಕೋಶ ಬಣ್ಣ ಹಿಡಿದಿದೆ ಅಂತ ನೋಡಬೇಕಾ, ಎಷ್ಟು ಗಾಢವಾಗಿದೆ ಅಂತ ನೋಡಬೇಕಾ? ಒಬ್ಬ ಪೆಥಾಲಜಿಸ್ಟ್ 'ಮಧ್ಯಮ' ಅಂದಿದ್ದನ್ನು ಇನ್ನೊಬ್ಬರು 'ಕಡಿಮೆ' ಅನ್ನಬಹುದು. ಕೋಶದೊಳಗೆ ಚೆಲ್ಲಿದ ಬಣ್ಣವನ್ನು ಒಂದು ಅಧ್ಯಯನ ಲೆಕ್ಕಕ್ಕೆ ಹಿಡಿಯುತ್ತದೆ, ಇನ್ನೊಂದು ಬಿಡುತ್ತದೆ. 'ಕಡಿಮೆ' ಅನ್ನುವ ಗೆರೆಯನ್ನು ಒಬ್ಬರು ಶೇ 50ಕ್ಕೆ ಎಳೆಯುತ್ತಾರೆ, ಇನ್ನೊಬ್ಬರು ಶೇ 10ಕ್ಕೆ. ಕೆಲವರು ತಮ್ಮ ರೋಗಿಗಳ ಫಲಿತಾಂಶ ನೋಡಿಕೊಂಡು, ಎಲ್ಲಿ ಎಳೆದರೆ ಚೆನ್ನಾಗಿ ಕಾಣುತ್ತದೋ ಅಲ್ಲಿ ಎಳೆಯುತ್ತಾರೆ. ಇಂಥ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕು ಎಂದು ರಿಮಾರ್ಕ್ ಎಂಬ ಮಾರ್ಗಸೂಚಿ 2005ರಲ್ಲೇ ಬಂತು. ಅದನ್ನು ಪೂರ್ತಿ ಪಾಲಿಸಿದ ಪ್ರಬಂಧಗಳು ಇವತ್ತಿಗೂ ಕಡಿಮೆ.

ನಮ್ಮ ರಾಜ್ಯದಲ್ಲಿ ದಂತ ವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ. ಅವುಗಳ ಓರಲ್ ಪೆಥಾಲಜಿ ವಿಭಾಗಗಳಲ್ಲಿ ಎಂಡಿಎಸ್ (ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿ) ಓದುವವರು ಥೀಸಿಸ್ ಬರೆಯಲೇಬೇಕು. ಮೂರು ವರ್ಷದೊಳಗೆ ಮುಗಿಯಬೇಕು, ಹಳೇ ಬ್ಲಾಕ್‌ಗಳು ಕಪಾಟಿನಲ್ಲಿ ಇರುತ್ತವೆ, ಒಂದು ಆಂಟಿಬಾಡಿ ಕೊಂಡರೆ ಸಾಕು. ಇ-ಕ್ಯಾಡ್‌ಹೆರಿನ್ ಇದಕ್ಕೆ ಹೇಳಿ ಮಾಡಿಸಿದ ವಿಷಯ. ಮೂವತ್ತು ನಲವತ್ತು ರೋಗಿಗಳ ಸ್ಲೈಡ್ ನೋಡಿ, ಗಡ್ಡೆ ಕೆಟ್ಟದಾದಷ್ಟೂ ಬಣ್ಣ ಕಡಿಮೆ ಎಂದು ಬರೆಯುತ್ತಾರೆ. ಕಲಿಯುವವರಿಗೆ ಇದು ಒಳ್ಳೆಯ ಪಾಠ, ಅದರಲ್ಲಿ ಎರಡು ಮಾತಿಲ್ಲ. ಆದರೆ ರೋಗಿ ಐದು ವರ್ಷದ ನಂತರ ಹೇಗಿದ್ದಾರೆ ಅಂತ ಹಿಂಬಾಲಿಸದ ಇಂಥ ಸಣ್ಣ ಅಧ್ಯಯನ ನೂರು ಸೇರಿದರೂ ಒಂದು ದೊಡ್ಡ ಅಧ್ಯಯನ ಆಗುವುದಿಲ್ಲ. ಇದು ಕರ್ನಾಟಕದ್ದೊಂದೇ ಸಮಸ್ಯೆಯೂ ಅಲ್ಲ. ನಾಲಿಗೆ ಕ್ಯಾನ್ಸರಿನ ಭವಿಷ್ಯ ಹೇಳುವ ಮಾರ್ಕರ್‌ಗಳ ಬಗ್ಗೆ ಫಿನ್ಲೆಂಡಿನ ಸಂಶೋಧಕರು 2017ರಲ್ಲಿ ಮೂರು ದಶಕಗಳ ಸಾಹಿತ್ಯ ಜಾಲಾಡಿದಾಗ 150ಕ್ಕೂ ಹೆಚ್ಚು ಮಾರ್ಕರ್‌ಗಳು ಸಿಕ್ಕವು. ಅಷ್ಟಿದ್ದೂ ಕುತ್ತಿಗೆ ಬಿಡಿಸುವ ತೀರ್ಮಾನಕ್ಕೆ ಬಳಕೆಯಾಗುತ್ತಿರುವುದು ಒಂದೂ ಇಲ್ಲ.

ಅಂಕಿ-ಅಂಶದ ಮೋಸವೊಂದು ಇಲ್ಲಿ ಎಲ್ಲರನ್ನೂ ಬೀಳಿಸುತ್ತದೆ. ಲೆಕ್ಕಕ್ಕಾಗಿ ಹೀಗಿಟ್ಟುಕೊಳ್ಳಿ, ಇದು ನಿಜವಾದ ಅಧ್ಯಯನದ ಅಂಕಿ ಅಲ್ಲ. 100 ರೋಗಿಗಳಿದ್ದಾರೆ, 30 ಮಂದಿಯ ಕುತ್ತಿಗೆಯಲ್ಲಿ ಕ್ಯಾನ್ಸರ್ ಅಡಗಿದೆ. ಆ 30ರಲ್ಲಿ 24 ಮಂದಿಗೆ ಇ-ಕ್ಯಾಡ್‌ಹೆರಿನ್ ಕಡಿಮೆ. ಉಳಿದ 70ರಲ್ಲಿ 36 ಮಂದಿಗೂ ಕಡಿಮೆಯೇ. ಹಾಗಾದರೆ ಬಣ್ಣ ಕಡಿಮೆ ಇರುವ 60 ಜನರಲ್ಲಿ ಶೇ 40 ಮಂದಿಗೆ ಕುತ್ತಿಗೆಯಲ್ಲಿ ಕ್ಯಾನ್ಸರ್ ಇದೆ. ಬಣ್ಣ ಚೆನ್ನಾಗಿರುವ 40 ಜನರಲ್ಲಿ ಶೇ 15 ಮಂದಿಗೆ ಇದೆ. ಸಂಖ್ಯಾಶಾಸ್ತ್ರದ ಪರೀಕ್ಷೆ ಹಾಕಿದರೆ ಇದು ಭರ್ಜರಿ ಫಲಿತಾಂಶ. ಪಿ ಮೌಲ್ಯ, ಅಂದರೆ ಸಂಬಂಧವೇ ಇಲ್ಲದಿದ್ದರೂ ಇಂಥ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಂಭವ, 0.01ಕ್ಕಿಂತ ಕೆಳಗೆ. ಪ್ರಬಂಧ ಆರಾಮಾಗಿ ಪ್ರಕಟವಾಗುತ್ತದೆ.

ಈಗ ಸರ್ಜನ್ ಜಾಗದಲ್ಲಿ ಕೂತು ನೋಡಿ. ಬಣ್ಣ ಚೆನ್ನಾಗಿದೆ ಅಂತ ಕುತ್ತಿಗೆ ಬಿಟ್ಟರೆ ಏಳು ಜನರಲ್ಲಿ ಒಬ್ಬರಿಗೆ ಕ್ಯಾನ್ಸರ್ ಉಳಿದುಹೋಗುತ್ತದೆ. ಅಪಾಯ ಶೇ 20 ದಾಟಿದರೆ ಕುತ್ತಿಗೆ ಬಿಡಿಸಿ ಅನ್ನುವುದು 1994ರಿಂದ ಚಾಲ್ತಿಯಲ್ಲಿರುವ ಲೆಕ್ಕ. ಟಾಟಾ ಅಧ್ಯಯನದ ನಂತರ ಆ ಮಟ್ಟವನ್ನೂ ಇಳಿಸಬೇಕು ಅನ್ನುವವರಿದ್ದಾರೆ. ಶೇ 15ರ ಅಪಾಯ ಕೈಯಲ್ಲಿ ಹಿಡಿದು ರೋಗಿಗೆ 'ಏನೂ ಬೇಡ, ಮನೆಗೆ ಹೋಗಿ' ಎನ್ನಲು ಎಷ್ಟು ಮಂದಿಗೆ ಧೈರ್ಯ ಬಂದೀತು? ಗುಂಪಿನ ಸರಾಸರಿಯಲ್ಲಿ ಎದ್ದು ಕಾಣುವ ವ್ಯತ್ಯಾಸ ಒಬ್ಬ ರೋಗಿಯ ಮುಂದೆ ಕೂತಾಗ ಕರಗಿಹೋಗುತ್ತದೆ.

ಇನ್ನೊಂದು ತೊಡಕು ಕೆಲಸದ ಕ್ರಮದ್ದು. ತೀರ್ಮಾನ ಬೇಕಿರುವುದು ಆಪರೇಷನ್‌ಗೆ ಮೊದಲು. ಆಗ ಕೈಯಲ್ಲಿರುವುದು ಬಯಾಪ್ಸಿಯ ಸಣ್ಣ ಚೂರು, ಅದೂ ಹೆಚ್ಚಾಗಿ ಹುಣ್ಣಿನ ಮೇಲ್ಭಾಗದ್ದು. ಕಥೆ ನಡೆಯುತ್ತಿರುವುದು ಕೆಳಗಿನ ಅಂಚಿನಲ್ಲಿ. ಅಂಚು ಸರಿಯಾಗಿ ಕಾಣುವುದು ಇಡೀ ಗಡ್ಡೆ ಹೊರಬಂದ ಮೇಲೆ. ಅಷ್ಟರಲ್ಲಿ ಬಹುತೇಕರ ಕುತ್ತಿಗೆಯೂ ಬಿಡಿಸಿ ಆಗಿರುತ್ತದೆ.

ಬಿಟ್ಟ ಕೈಯೋ, ಹಿಡಿದ ಕೈಯೋ

ಇಲ್ಲಿಯವರೆಗಿನದ್ದು ಅಳತೆಯ ತೊಂದರೆ. ಅಳತೆ ಸರಿ ಮಾಡಿಕೊಂಡರೂ ಮೂಲ ಕಲ್ಪನೆಯಲ್ಲೇ ಒಂದು ಬಿರುಕಿದೆ ಅನ್ನುವುದು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಗೊತ್ತಾಗಿದೆ.

ಕಬಡ್ಡಿಯಲ್ಲಿ ರೈಡರ್ ಒಳಗೆ ಬಂದಾಗ ಹಿಡಿಯುವವರು ಇಬ್ಬಿಬ್ಬರು, ಮೂವರು ಕೈ ಕೈ ಹಿಡಿದು ಚೈನ್ ಮಾಡಿಕೊಂಡೇ ಮುಂದೆ ನುಗ್ಗುತ್ತಾರೆ. ಕೈ ಬಿಟ್ಟವನು ಒಂಟಿಯಾಗಿ ಸಿಕ್ಕಿಬೀಳುತ್ತಾನೆ. ನಾಲಿಗೆಯ ಕ್ಯಾನ್ಸರ್ ಕೋಶಗಳು ಸ್ನಾಯುವಿನ ನಡುವೆ ಸಾಗುವುದೂ ಎಷ್ಟೋ ಸಲ ಹೀಗೇ. ಒಂಟಿ ಕೋಶ ಹೊರಟುಹೋಗುವುದಕ್ಕಿಂತ ಸಾಲು ಸಾಲಾಗಿ, ಗುಂಪು ಗುಂಪಾಗಿ ನುಗ್ಗುವುದು ಜಾಸ್ತಿ.

ಸ್ತನ ಕ್ಯಾನ್ಸರ್ ಮೇಲೆ ನಡೆದ ಎರಡು ಕೆಲಸಗಳು ಇದನ್ನು ಗಟ್ಟಿ ಮಾಡಿದವು. ಬಾಸ್ಟನ್ನಿನ ಸಂಶೋಧಕರು 2014ರಲ್ಲಿ, ರಕ್ತದಲ್ಲಿ ಒಂಟಿಯಾಗಿ ತೇಲುವ ಕ್ಯಾನ್ಸರ್ ಕೋಶಕ್ಕಿಂತ ಗುಂಪಾಗಿ ತೇಲುವ ಕೋಶಗಳಿಗೆ ಬೇರೆಡೆ ನೆಲೆಯೂರುವ ಶಕ್ತಿ 23ರಿಂದ 50 ಪಟ್ಟು ಹೆಚ್ಚು ಎಂದು ತೋರಿಸಿದರು. ಆ ಗುಂಪುಗಳನ್ನು ಕಟ್ಟಿಹಿಡಿದದ್ದು ಪ್ಲಾಕೊಗ್ಲೋಬಿನ್, ಅದೂ ಒಂದು ಅಂಟು ಪ್ರೋಟೀನೇ. 2019ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಆಂಡ್ರ್ಯೂ ಇವಾಲ್ಡ್ ತಂಡ ಇಲಿಗಳಲ್ಲಿ ಇ-ಕ್ಯಾಡ್‌ಹೆರಿನ್ ತೆಗೆದುಹಾಕಿ ನೋಡಿತು. ಕೋಶಗಳು ಸುತ್ತಲ ಜಾಗಕ್ಕೆ ಜಾಸ್ತಿ ನುಗ್ಗಿದವು, ನಿಜ. ಆದರೆ ದೂರದ ಅಂಗಗಳಲ್ಲಿ ಗಡ್ಡೆ ಕಡಿಮೆಯಾಯಿತು. ಅಂಟು ಕಳಕೊಂಡ ಕೋಶಗಳು ದಾರಿಯಲ್ಲೇ ಸತ್ತುಹೋಗುತ್ತಿದ್ದವು. ಇ-ಕ್ಯಾಡ್‌ಹೆರಿನ್ ಎಂದರೆ ಕ್ಯಾನ್ಸರನ್ನು ತಡೆಯುವ ಒಳ್ಳೆಯ ಪ್ರೋಟೀನ್ ಅಂತ ಓದಿಕೊಂಡು ಬಂದವರಿಗೆ ಇದು ಶಾಕ್. ಸ್ತನದ್ದನ್ನು ನೇರವಾಗಿ ನಾಲಿಗೆಗೆ ಅಂಟಿಸಬಾರದು, ಒಪ್ಪಿದೆ. ಆದರೂ ಕುತ್ತಿಗೆಯ ಗ್ರಂಥಿಯಲ್ಲಿ ಬೆಳೆದ ನಾಲಿಗೆ ಕ್ಯಾನ್ಸರಿಗೆ ಬಣ್ಣ ಹಾಕಿದಾಗ ಎಷ್ಟೋ ಸಲ ಇ-ಕ್ಯಾಡ್‌ಹೆರಿನ್ ಮತ್ತೆ ಕಾಣಿಸುತ್ತದೆ. ಜೀನ್ ಒಡೆದಿರಲಿಲ್ಲವಲ್ಲ, ಮುಚ್ಚಿತ್ತಷ್ಟೆ. ಹೊಸ ಜಾಗಕ್ಕೆ ಹೋಗಿ ಸಂಸಾರ ಹೂಡುವಾಗ ಅಂಟು ಮತ್ತೆ ಬೇಕಾಯಿತು.

ಬಾಯಿಯ ಕ್ಯಾನ್ಸರಿನ ಬಗ್ಗೆಯೇ ನೇರ ಸಾಕ್ಷಿ ಬಂದಿದ್ದು 2017ರಲ್ಲಿ, ಮತ್ತೆ ಬಾಸ್ಟನ್ನಿನಿಂದ. ಸಿದ್ಧಾರ್ಥ್ ಪುರಂ ಮತ್ತು ಸಂಗಡಿಗರು 18 ರೋಗಿಗಳ ಗಡ್ಡೆಗಳಿಂದ ಸುಮಾರು 6,000 ಕೋಶಗಳನ್ನು ಒಂದೊಂದಾಗಿ ತೆಗೆದು, ಯಾವ ಕೋಶದಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ಓದಿದರು. ಗಡ್ಡೆಯ ಅಂಚಿನ ಕೋಶಗಳು ಪೂರ್ತಿ ವೇಷ ಬದಲಿಸಿರಲಿಲ್ಲ. ಅರ್ಧ ಹಳೇ ಗುಣ, ಅರ್ಧ ಹೊಸದು. ಹಾಸಿನ ಕೋಶದ ಲಕ್ಷಣಗಳನ್ನು ಇಟ್ಟುಕೊಂಡೇ ವೈಮೆಂಟಿನ್, ಲ್ಯಾಮಿನಿನ್-332ರ ಗ್ಯಾಮಾ-2 ಎಳೆ, ಕೆಲವು ಇಂಟೆಗ್ರಿನ್‌ಗಳನ್ನು ಹೆಚ್ಚಿಸಿಕೊಂಡಿದ್ದವು. ಈ ಅರೆ-ಬದಲಾವಣೆ ಜಾಸ್ತಿ ಇದ್ದ ಗಡ್ಡೆಗಳು ಕುತ್ತಿಗೆಗೆ ಹರಡಿರುವುದೂ ಜಾಸ್ತಿ. ಅಂದರೆ ಇಷ್ಟು ವರ್ಷ ನಾವು ಇ-ಕ್ಯಾಡ್‌ಹೆರಿನ್ ಇದೆಯಾ ಇಲ್ಲವಾ ಅಂತ ಹೌದು-ಅಲ್ಲ ಉತ್ತರ ಕೇಳುತ್ತಿದ್ದೆವು. ಕೋಶ ಕೊಡುತ್ತಿದ್ದ ಉತ್ತರ 'ಸ್ವಲ್ಪ ಹೌದು, ಸ್ವಲ್ಪ ಅಲ್ಲ'. ಒಂದೇ ಪ್ರೋಟೀನಿನ ಕಂದು ಬಣ್ಣಕ್ಕೆ ಇದನ್ನು ಹಿಡಿಯಲು ಆಗುವುದಿಲ್ಲ. ಹತ್ತಾರು ಜೀನ್‌ಗಳ ಒಟ್ಟು ಚಿತ್ರಕ್ಕೆ ಆಗಬಹುದು.

ಕ್ಯಾಡ್‌ಹೆರಿನ್ ಕುಟುಂಬದ ದೂರದ ಸಂಬಂಧಿಯೊಂದು ಜೀನ್ ಮಟ್ಟದಲ್ಲೇ ಕೆಟ್ಟಿರುವುದೂ ಉಂಟು. ಫ್ಯಾಟ್-1 ಅದರ ಹೆಸರು. ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆ 2015ರಲ್ಲಿ ತಲೆ-ಕುತ್ತಿಗೆಯ 279 ಗಡ್ಡೆಗಳನ್ನು ಓದಿದಾಗ ನಾಲ್ಕರಲ್ಲಿ ಒಂದರ ಹತ್ತಿರ ಹತ್ತಿರ ಗಡ್ಡೆಗಳಲ್ಲಿ ಇದು ಹಾಳಾಗಿತ್ತು. ನಮ್ಮವರು ಕೆನ್ನೆ-ವಸಡಿನ ಕ್ಯಾನ್ಸರ್ ಮೇಲೆ 2013ರಲ್ಲಿ ಪ್ರಕಟಿಸಿದ ಜೀನೋಮ್ ಅಧ್ಯಯನದಲ್ಲೂ ಇದು ಸಿಕ್ಕಿದೆ.

ಹಾಗಾದರೆ ಅಂಟು ಪ್ರೋಟೀನ್ ಮಾರ್ಕರ್ ಆಗಿ ಎಲ್ಲೂ ಕೆಲಸಕ್ಕೆ ಬರುವುದಿಲ್ಲವಾ? ಬರುತ್ತದೆ. ಲೋಬ್ಯುಲರ್ ಎಂಬ ಒಂದು ಬಗೆಯ ಸ್ತನ ಕ್ಯಾನ್ಸರ್ ಗುರುತಿಸಲು ಪೆಥಾಲಜಿಸ್ಟ್‌ಗಳು ದಿನವೂ ಇ-ಕ್ಯಾಡ್‌ಹೆರಿನ್ ಬಣ್ಣ ಹಾಕುತ್ತಾರೆ. ಅಲ್ಲಿ ಈ ಜೀನ್ ನಿಜಕ್ಕೂ ಒಡೆದಿರುತ್ತದೆ. ಬಣ್ಣ ಹೆಚ್ಚಾಗಿ ಪೂರ್ತಿ ಮಾಯ. ನ್ಯೂಜಿಲೆಂಡಿನ ಮಾವೊರಿ ಕುಟುಂಬಗಳಲ್ಲಿ ತಲೆಮಾರುಗಳಿಂದ ಬರುತ್ತಿದ್ದ ಹೊಟ್ಟೆಯ ಕ್ಯಾನ್ಸರಿಗೆ ಇದೇ ಜೀನಿನ ದೋಷ ಕಾರಣ ಎಂದು 1998ರಲ್ಲಿ ಗೊತ್ತಾಯಿತು. ಈಗ ಆ ದೋಷ ಇರುವವರು ಕ್ಯಾನ್ಸರ್ ಬರುವ ಮೊದಲೇ ಹೊಟ್ಟೆ ತೆಗೆಸಿಕೊಳ್ಳುವುದುಂಟು. ಎರಡೂ ಕಡೆ ಪ್ರಶ್ನೆ ಸ್ಪಷ್ಟ: ಇದು ಯಾವ ಜಾತಿಯ ಕ್ಯಾನ್ಸರ್, ಈ ಜೀನ್ ಒಡೆದಿದೆಯಾ. ತಮಾಷೆ ನೋಡಿ, ಅಂಟನ್ನು ಪೂರ್ತಿ ಕಳಕೊಂಡ ಲೋಬ್ಯುಲರ್ ಕ್ಯಾನ್ಸರ್, ಅದೇ ಹಂತದ ಉಳಿದ ಸ್ತನ ಕ್ಯಾನ್ಸರ್‌ಗಳಿಗಿಂತ ಬೇಗ ಜೀವ ತೆಗೆಯುತ್ತದೆ ಎಂದೇನೂ ಇಲ್ಲ.

ನಾಲಿಗೆಯಲ್ಲಿ ಸದ್ಯಕ್ಕೆ ಗೆದ್ದಿರುವುದು ಸ್ಕೇಲು. ಕ್ಯಾನ್ಸರ್ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಅನ್ನುವುದು. ಪಕ್ಕದ ಆರೋಗ್ಯವಂತ ಪದರದ ತಳದ ಮಟ್ಟದಿಂದ ಗಡ್ಡೆಯ ಅತಿ ಆಳದ ಬಿಂದುವಿಗೆ ನೇರವಾಗಿ ಅಳೆಯುತ್ತಾರೆ. ಕ್ಯಾನ್ಸರ್ ಯಾವ ಹಂತದಲ್ಲಿದೆ ಎಂದು ನಿರ್ಧರಿಸುವ ಅಮೆರಿಕದ ನಿಯಮಗಳ ಎಂಟನೇ ಆವೃತ್ತಿ 2018ರಿಂದ ಜಾರಿಗೆ ಬಂದಾಗ ಆಳವನ್ನು ಅಧಿಕೃತವಾಗಿ ಸೇರಿಸಿತು. ಗಡ್ಡೆ 2 ಸೆಂಟಿಮೀಟರಿನೊಳಗೇ ಇದ್ದರೂ ಆಳ 5 ಮಿಲಿಮೀಟರ್ ದಾಟಿದರೆ ಮೊದಲ ಹಂತದಿಂದ ಎರಡಕ್ಕೆ ಜಿಗಿಯುತ್ತದೆ. ಟಾಟಾ ಅಧ್ಯಯನದಲ್ಲೂ 3 ಮಿಲಿಮೀಟರಿನೊಳಗಿನ ಗಡ್ಡೆಗಳಲ್ಲಿ ಕುತ್ತಿಗೆಗೆ ಹರಡಿದ್ದು ಕಡಿಮೆ, ಅದನ್ನು ದಾಟಿದ ಮೇಲೆ ಏರುತ್ತ ಹೋಯಿತು. ಇದರ ಜೊತೆಗೆ ಟ್ಯೂಮರ್ ಬಡ್‌ಗಳನ್ನು ಎಣಿಸುವುದು. ಫಿನ್ಲೆಂಡಿನ ಅಲ್ಹಾದಿ ಅಲ್ಮಂಗುಷ್ ತಂಡ ನಾಲಿಗೆ ಕ್ಯಾನ್ಸರಿನಲ್ಲಿ ಬಡ್ ಮತ್ತು ಆಳ ಎರಡನ್ನೂ ಸೇರಿಸಿ ಒಂದು ಸರಳ ಲೆಕ್ಕ ಕೊಟ್ಟಿತು. ಐದು ಅಥವಾ ಹೆಚ್ಚು ಬಡ್, 4 ಮಿಲಿಮೀಟರ್ ಅಥವಾ ಹೆಚ್ಚು ಆಳ ಎರಡೂ ಇದ್ದರೆ ಅಪಾಯ ಜಾಸ್ತಿ.

ಬಡ್ ಎಣಿಸಲು ವಿಶೇಷ ಆಂಟಿಬಾಡಿ ಬೇಡ. ಮಾಮೂಲಿ ನೇರಳೆ-ಗುಲಾಬಿ ಬಣ್ಣದ ಸ್ಲೈಡ್ ಸಾಕು. ಗಡ್ಡೆಯಿಂದ ಕಳಚಿಕೊಂಡ ಗುಂಪು ಅಂದರೇನು? ಅಂಟು ಸಡಿಲವಾಗಿದ್ದರ ಪರಿಣಾಮವೇ ತಾನೆ. ಇ-ಕ್ಯಾಡ್‌ಹೆರಿನ್ ಹೇಳಬೇಕಿದ್ದನ್ನೇ ಬಡ್ ಹೇಳುತ್ತಿದೆ, ಖರ್ಚು ಕಡಿಮೆ, ಜಾಗವೂ ಸರಿಯಾದದ್ದೇ. ಹೀಗಿರುವಾಗ ಕಂದು ಬಣ್ಣಕ್ಕೆ ದುಡ್ಡು ಕೊಡುವುದು ಯಾಕೆ ಅನ್ನುವ ಪ್ರಶ್ನೆಗೆ ಅಂಟು ಪ್ರೋಟೀನ್ ಪಕ್ಷದವರು ಇನ್ನೂ ತೃಪ್ತಿಕರ ಉತ್ತರ ಕೊಟ್ಟಿಲ್ಲ.

ಇನ್ನೊಂದು ದಾರಿ ಗ್ರಂಥಿಯನ್ನೇ ಕೇಳುವುದು. ಗಡ್ಡೆಯ ಸುತ್ತ ವಿಕಿರಣದ ಗುರುತಿರುವ ದ್ರವ ಚುಚ್ಚಿ, ಅದು ಮೊದಲು ಹೋಗಿ ಸೇರುವ ಒಂದೆರಡು ಗ್ರಂಥಿಗಳನ್ನು ಮಾತ್ರ ತೆಗೆದು ಪರೀಕ್ಷಿಸುತ್ತಾರೆ. ಸೆಂಟಿನೆಲ್ ನೋಡ್ ಬಯಾಪ್ಸಿ ಅಂತ ಇದರ ಹೆಸರು. ಯುರೋಪಿನ 415 ರೋಗಿಗಳ ಅಧ್ಯಯನದಲ್ಲಿ ಇದು 'ಇಲ್ಲ' ಅಂದರೆ ಶೇ 95ರಷ್ಟು ಸಲ ನಿಜಕ್ಕೂ ಇಲ್ಲ. ಫ್ರಾನ್ಸ್ 2020ರಲ್ಲಿ, ಜಪಾನ್ 2021ರಲ್ಲಿ ಪ್ರಕಟಿಸಿದ ಹೋಲಿಕೆ ಅಧ್ಯಯನಗಳಲ್ಲಿ ಪೂರ್ತಿ ಕುತ್ತಿಗೆ ಬಿಡಿಸಿದವರಿಗೂ ಇದನ್ನು ಮಾಡಿಸಿಕೊಂಡವರಿಗೂ ಫಲಿತಾಂಶ ಹೆಚ್ಚು ಕಡಿಮೆ ಒಂದೇ. ಜಪಾನಿನಲ್ಲಿ ಮೂರು ವರ್ಷದ ನಂತರ ಬದುಕುಳಿದವರು ಸೆಂಟಿನೆಲ್ ಗುಂಪಿನಲ್ಲಿ ಶೇ 87.9, ಪೂರ್ತಿ ಕುತ್ತಿಗೆ ಬಿಡಿಸಿದವರಲ್ಲಿ ಶೇ 86.6. ಇದಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಬೇಕು, ಗ್ರಂಥಿಯನ್ನು ಸಣ್ಣ ಸಣ್ಣ ಪದರ ಮಾಡಿ ನೋಡುವ ತಾಳ್ಮೆಯ ಪೆಥಾಲಜಿಸ್ಟ್ ಬೇಕು. ಜಿಲ್ಲಾ ಮಟ್ಟದಲ್ಲಿ ಎರಡೂ ಒಟ್ಟಿಗೆ ಸಿಗುವುದು ಕಷ್ಟ. ಬಯಾಪ್ಸಿ ಚೂರಿನಿಂದಲೇ ಉತ್ತರ ಕೊಡುವ ಮಾರ್ಕರ್ ಬೇಕು ಅನ್ನುವ ವಾದಕ್ಕೆ ನನ್ನ ಮಟ್ಟಿಗೆ ಬಲ ಬರುವುದು ಇಲ್ಲೇ. ಆಳ 2ರಿಂದ 4 ಮಿಲಿಮೀಟರಿನ ನಡುವೆ ಇದ್ದು, ಏನು ಮಾಡಬೇಕೆಂದು ಸರ್ಜನ್ ತಲೆ ಕೆರೆದುಕೊಳ್ಳುವ ರೋಗಿಗಳನ್ನು ಮಾತ್ರ ಆರಿಸಿಕೊಂಡು, ಸ್ಕೋರಿನ ಗೆರೆಯನ್ನು ಮೊದಲೇ ಬರೆದಿಟ್ಟು, ಆಮೇಲೆ ಹಿಂಬಾಲಿಸಿ ನೋಡುವ ಅಧ್ಯಯನ ಬೇಕು. ಇಷ್ಟು ರೋಗಿಗಳಿರುವ ನಮ್ಮ ದೇಶದಲ್ಲಿ, ಹತ್ತು ಕಾಲೇಜುಗಳು ಬೇರೆ ಬೇರೆ ಥೀಸಿಸ್ ಬರೆಸುವ ಬದಲು ಒಟ್ಟಿಗೆ ಒಂದೇ ಕ್ರಮದಲ್ಲಿ ಬಣ್ಣ ಹಾಕಿದರೆ ಕೆಲವೇ ವರ್ಷಗಳಲ್ಲಿ ಮುಗಿಯುವ ಕೆಲಸ.

ಅಲ್ಲಿಯವರೆಗೆ, ಮನೆಯವರ ನಾಲಿಗೆ ಆಪರೇಷನ್ ರಿಪೋರ್ಟ್ ಕೈಗೆ ಬಂದರೆ ಮೊದಲು ಹುಡುಕಬೇಕಾದ್ದು ಬೇರೆ ಸಾಲುಗಳನ್ನು. ಆಳ ಎಷ್ಟು ಮಿಲಿಮೀಟರ್ ಅಂತ ಬರೆದಿದ್ದಾರಾ. ಕತ್ತರಿಸಿದ ಅಂಚಿನಿಂದ ಗಡ್ಡೆ ಎಷ್ಟು ದೂರವಿತ್ತು. ನರದ ಸುತ್ತ ಕ್ಯಾನ್ಸರ್ ಇತ್ತಾ. ಕುತ್ತಿಗೆಯಿಂದ ಎಷ್ಟು ಗ್ರಂಥಿ ತೆಗೆದರು, ಎಷ್ಟರಲ್ಲಿ ಸಿಕ್ಕಿತು, ಗ್ರಂಥಿಯ ಕವಚ ಒಡೆದು ಹೊರಗೆ ಬಂದಿತ್ತಾ. ಕವಚ ಒಡೆದಿದ್ದರೆ ಅಥವಾ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ರೇಡಿಯೇಷನ್ ಜೊತೆಗೆ ಕೀಮೋ ಕೂಡ ಸೇರಿಸುವ ಮಾತು ಬರುತ್ತದೆ. ಇ-ಕ್ಯಾಡ್‌ಹೆರಿನ್ ಬಗ್ಗೆ ಒಂದು ಸಾಲು ಇದ್ದು, 'ಕಡಿಮೆ' ಅಂತ ಬರೆದಿದ್ದರೆ ಅದೊಂದನ್ನೇ ಹಿಡಿದು ಗಾಬರಿಯಾಗಬೇಕಿಲ್ಲ. 'ಚೆನ್ನಾಗಿದೆ' ಅಂತಿದ್ದರೆ ಫಾಲೋ-ಅಪ್ ತಪ್ಪಿಸುವಂತಿಲ್ಲ. ಆ ಪರೀಕ್ಷೆಗೆ ಬೇರೆಯಾಗಿ ದುಡ್ಡು ಕೇಳಿದರೆ, ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಡಾಕ್ಟ್ರೇ ಎಂದು ಕೇಳಿ. ಮೇಣದ ಬ್ಲಾಕ್ ಎಲ್ಲಿ ಇಟ್ಟಿದ್ದಾರೆ ಅನ್ನುವುದನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಎರಡನೇ ಅಭಿಪ್ರಾಯಕ್ಕೆ ಹೋದಾಗ ಆ ಡಾಕ್ಟರ್ ಮೊದಲು ಕೇಳುವುದು ಅದನ್ನೇ.